ಲಕೋನಿಯಾದ ಗೆಲುವುಗಳ ಪಟ್ಟಿಯನ್ನು ನಾನು ಮಾಡಿದ್ದು ಹೀಗೆ

ಪ್ರಾಚೀನ ಗ್ರೀಸಿನ ಲಕೋನಿಯಾ ಅಂದರೆ ಸ್ಪಾರ್ಟಾದ ಸೀಮೆ. ಅಲ್ಲಿನ ಆಟಗಾರರ ಪಟ್ಟಿಯನ್ನು ನಾನೇ ಮಾಡಲು ಕೂತಾಗ ಹೆಸರು, ಸ್ಪರ್ಧೆ, ವರ್ಷಕ್ಕಿಂತ ಮೊದಲು ಇನ್ನೊಂದು ಕಾಲಂ ಹಾಕಿಕೊಂಡೆ: ಇದನ್ನು ಹೇಳಿದವರು ಯಾರು?

ಹಳೆಯ ಹೆಸರುಗಳು ಜಾಸ್ತಿ ಸಿಕ್ಕಿದ್ದು ಪೌಸಾನಿಯಸ್ ಬರಹದಲ್ಲಿ. ಕ್ರಿ.ಶ. 2ನೇ ಶತಮಾನದಲ್ಲಿ ಗ್ರೀಸ್ ಸುತ್ತಿ ಬರೆದಿಟ್ಟವನು ಅವನು. ವರ್ಷದ ಬದಲು ಎಷ್ಟನೇ ಒಲಿಂಪಿಕ್ ಕೂಟ ಅಂತ ಹೇಳುತ್ತಾನೆ. ಆ ಸಂಖ್ಯೆಯಲ್ಲಿ ಒಂದು ಕಳೆದು, ನಾಲ್ಕರಿಂದ ಗುಣಿಸಿ, ಬಂದದ್ದನ್ನು 776ರಿಂದ ಕಳೆದರೆ ಕ್ರಿ.ಪೂ. ವರ್ಷ ಸಿಗುತ್ತದೆ. ಕುಸ್ತಿ ಶುರುವಾದದ್ದು 18ನೇ ಕೂಟದಲ್ಲಿ, ಅಂದರೆ 708ರಲ್ಲಿ. ಗೆದ್ದವನು ಸ್ಪಾರ್ಟಾದ ಯೂರಿಬಾಟಸ್. 632ರಲ್ಲಿ ಬಾಲಕರ ಕುಸ್ತಿ ಗೆದ್ದ ಹಿಪ್ಪೋಸ್ಥೆನೀಸ್ ದೊಡ್ಡವನಾದ ಮೇಲೆ ಇನ್ನೂ ಐದು ಸಲ ಗೆದ್ದ. ಮಗ ಹೆಟೊಯ್ಮೊಕ್ಲೀಸ್ ಕೂಡ ಐದು ಸಲ ಗೆದ್ದ. ಅಪ್ಪನದೇ ಒಂದು ಜಾಸ್ತಿ! ಅಪ್ಪ ಹಿಪ್ಪೋಸ್ಥೆನೀಸ್‌ಗೆ ಸ್ಪಾರ್ಟಾದಲ್ಲಿ ಗುಡಿಯೇ ಇತ್ತು, ಪೂಜೆ ನಡೆಯುತ್ತಿತ್ತು. ಆದರೆ ಇದನ್ನು ಬರೆದದ್ದು ಏಳುನೂರಕ್ಕೂ ಹೆಚ್ಚು ವರ್ಷಗಳ ಮೇಲೆ. ಹಾಗಾಗಿ ಆ ಸಾಲುಗಳ ಮುಂದೆ ‘ತಡವಾದ ಸಾಕ್ಷಿ’ ಅಂತ ಬರೆದೆ.

ವರ್ಷದ ಪ್ರಕಾರ ಜೋಡಿಸಿದ ಮೇಲೆ ಒಂದು ಸಂಗತಿ ಎದ್ದು ಕಂಡಿತು. ಮೊದಮೊದಲು ಓಟ, ಕುಸ್ತಿ. ಆಮೇಲೆ ಹೆಚ್ಚಾಗಿ ಕುದುರೆ, ರಥ. ರಥದ ಪಂದ್ಯದಲ್ಲಿ ಕಿರೀಟ ಸಿಗುತ್ತಿದ್ದದ್ದು ಕುದುರೆಯ ಒಡೆಯನಿಗೆ. ದೊರೆ ಅಗೆಸಿಲಾಸನ ತಂಗಿ ಕಿನಿಸ್ಕಾ 396, 392ರಲ್ಲಿ ನಾಲ್ಕು ಕುದುರೆಯ ರಥದಲ್ಲಿ ಗೆದ್ದದ್ದು ಹಾಗೆ. ಇಡೀ ಗ್ರೀಸಿನಲ್ಲಿ ಈ ಕಿರೀಟ ಪಡೆದ ಹೆಣ್ಣು ತಾನೊಬ್ಬಳೇ ಅಂತ ಅವಳು ಕೆತ್ತಿಸಿದ ಪೀಠದ ಕಲ್ಲು ಒಲಿಂಪಿಯಾದಲ್ಲಿ ಸಿಕ್ಕಿದೆ. ಕಲ್ಲು ಒಡೆದಿದ್ದರೂ ಅದೇ ಪದ್ಯ ಹಳೆಯ ಗ್ರೀಕ್ ಸಂಕಲನದಲ್ಲಿ ಉಳಿದಿದೆ. ಇಂಥ ಎರಡು ಸಾಕ್ಷಿ ಸಿಗುವುದು ಅಪರೂಪ, ಅಲ್ವಾ?

ನನಗೆ ತುಂಬ ಇಷ್ಟವಾದವನು ಡಾಮೊನಾನ್. ಸ್ಪಾರ್ಟಾದಲ್ಲೇ ಸಿಕ್ಕ ಅವನ ಶಾಸನದಲ್ಲಿ ಒಲಿಂಪಿಯಾದ ಗೆಲುವು ಒಂದೂ ಇಲ್ಲ. ಎಲ್ಲವೂ ಸುತ್ತಮುತ್ತಲ ಜಾತ್ರೆಗಳ ಪಂದ್ಯಗಳು. ತನ್ನ ಮನೆಯಲ್ಲೇ ಹುಟ್ಟಿದ ಕುದುರೆಗಳನ್ನು ತಾನೇ ಓಡಿಸಿ ಗೆದ್ದೆ ಅನ್ನುತ್ತಾನೆ. ಮಗ ಎನಿಮಾಕ್ರಾಟಿಡಾಸ್ ಗೆದ್ದ ಓಟಗಳನ್ನೂ ಸೇರಿಸಿದ್ದಾನೆ. ಒಲಿಂಪಿಕ್ ಪಟ್ಟಿಗಳಲ್ಲಿ ಇವರಿಗೆ ಜಾಗವಿಲ್ಲ. ನಾನು ಮಾತ್ರ ಆ ಶಾಸನದ ಒಂದೊಂದು ಪಂದ್ಯಕ್ಕೂ ಒಂದೊಂದು ಸಾಲು ಕೊಟ್ಟೆ. ಈಗ ಪಟ್ಟಿಯಲ್ಲಿ ಈ ಅಪ್ಪ ಮಗನ ಸಾಲುಗಳೇ ಎಲ್ಲರಿಗಿಂತ ಜಾಸ್ತಿ.