ಮರಳಿ ಸಿಕ್ಕ ಫೋಟೋಗಳು ಯಾವ ಫೋಲ್ಡರಿನಲ್ಲಿವೆ?

ಅಳಿಸಿಹೋದ ಫೋಟೋಗಳನ್ನು ಮರಳಿ ತರುವ ರಿಕವರಿ ಸಾಫ್ಟ್‌ವೇರ್ ಕೆಲಸ ಮುಗಿಸಿ, ಇಷ್ಟು ಫೋಟೋ ಸಿಕ್ಕಿವೆ, ಉಳಿಸಿಯಾಯ್ತು ಎಂದು ತೋರಿಸುತ್ತದೆ. ಅವಸರದಲ್ಲಿ ‘ಮುಂದೆ, ಮುಂದೆ’ ಎಂದು ಒತ್ತುತ್ತಾ ಹೋದವರಿಗೆ ಎಲ್ಲಿ ಉಳಿಸಿತು ಎಂಬುದೇ ಗೊತ್ತಿರುವುದಿಲ್ಲ. ಆಗ ಗಾಬರಿಬಿದ್ದು ಇನ್ನೊಮ್ಮೆ ರಿಕವರಿ ಶುರುಮಾಡಬೇಡಿ. ಫೋಟೋ ಕಳೆದುಹೋದ ಡಿಸ್ಕಿನ ಮೇಲೆಯೇ ಅದು ಮತ್ತೆ ಬರೆಯತೊಡಗಿದರೆ, ಇನ್ನೂ ಸಿಗದೆ ಉಳಿದ ಚಿತ್ರಗಳು ಕೈತಪ್ಪಿಹೋಗಬಹುದು. ಸಾಫ್ಟ್‌ವೇರ್ ಇನ್ನೂ ತೆರೆದೇ ಇದ್ದರೆ ಮುಚ್ಚಬೇಡಿ. ಕೊನೆಯ ಪರದೆಯಲ್ಲಿ ಫೋಲ್ಡರಿನ ವಿಳಾಸ ಇದೆಯೇ ನೋಡಿ.

ಹಳೆಯ ಹೆಸರು ಹಾಕಿ ಹುಡುಕುವವರೇ ಹೆಚ್ಚು. ಅದರಿಂದ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ, ಯಾಕೆಂದರೆ ಹೀಗೆ ಮರಳಿ ಬಂದ ಫೈಲುಗಳಿಗೆ ಅನೇಕ ಸಲ ಮೂಲ ಹೆಸರೇ ಉಳಿದಿರುವುದಿಲ್ಲ. ಫೋಟೋರೆಕ್ ಎಂಬ ಉಚಿತ ಸಾಫ್ಟ್‌ವೇರನ್ನೇ ನೋಡಿ. ಅದು ‘ರಿಕಪ್ ಡಿರ್ 1’, ‘2’ ಎಂದು ತಾನೇ ಫೋಲ್ಡರುಗಳನ್ನು ಮಾಡಿಕೊಂಡು, ಒಂದೊಂದರಲ್ಲಿ 500ರಷ್ಟು ಫೈಲು ತುಂಬುತ್ತದೆ. ಫೈಲಿನ ಹೆಸರು ‘ಎಫ್’ ಅಕ್ಷರ, ಅದರ ನಂತರ ಉದ್ದನೆಯ ಸಂಖ್ಯೆ, ಅಷ್ಟೇ. ಜಾಗ ಆರಿಸದೆ ಬಿಟ್ಟರೆ ಆ ಸಾಫ್ಟ್‌ವೇರ್ ಇದ್ದ ಫೋಲ್ಡರಿನಲ್ಲೇ ಅವೂ ಬಂದು ಕೂರಬಹುದು. ಇಳಿಸಿಕೊಂಡ ಸಾಫ್ಟ್‌ವೇರ್ ಸಾಮಾನ್ಯವಾಗಿ ಇರುವುದು ಡೌನ್‌ಲೋಡ್ಸ್ ಫೋಲ್ಡರಿನಲ್ಲಿ, ಹಾಗಾಗಿ ಅದನ್ನು ಮೊದಲು ನೋಡಿ.

ಅಲ್ಲೂ ಇಲ್ಲದಿದ್ದರೆ ಹೆಸರು ಬಿಟ್ಟು ದಿನಾಂಕ ಹಿಡಿಯಿರಿ. ವಿಂಡೋಸ್‌ನಲ್ಲಿ ‘ದಿಸ್ ಪಿಸಿ’ ತೆರೆದು, ಮೇಲೆ ಬಲಗಡೆಯ ಹುಡುಕುವ ಜಾಗದಲ್ಲಿ ನಕ್ಷತ್ರದ ಚಿಹ್ನೆ, ಚುಕ್ಕಿ, ಜೆಪಿಜಿ ಎಂದು ಟೈಪ್ ಮಾಡಿ. ಇಡೀ ಕಂಪ್ಯೂಟರನ್ನು ಜಾಲಾಡಲು ಅದಕ್ಕೆ ಹೊತ್ತು ಬೇಕು, ಮಧ್ಯೆ ನಿಲ್ಲಿಸಬೇಡಿ. ಪಟ್ಟಿ ಬಂದ ಮೇಲೆ ನೋಟವನ್ನು ‘ಡೀಟೇಲ್ಸ್’ಗೆ ಬದಲಿಸಿ, ತಲೆಸಾಲಿನ ಮೇಲೆ ಮೌಸಿನ ಬಲ ಗುಂಡಿ ಒತ್ತಿ ‘ಡೇಟ್ ಕ್ರಿಯೇಟೆಡ್’ ಸೇರಿಸಿಕೊಳ್ಳಿ. ‘ಡೇಟ್ ಮಾಡಿಫೈಡ್’ ನಂಬಬೇಡಿ. ಅಲ್ಲಿ ಫೋಟೋ ತೆಗೆದ ಹಳೆಯ ದಿನವೇ ಇರಬಹುದು. ಕ್ರಿಯೇಟೆಡ್ ಎಂಬಲ್ಲಿ ಸಾಮಾನ್ಯವಾಗಿ ರಿಕವರಿ ನಡೆದ ದಿನವೇ ಇರುತ್ತದೆ. ಆ ದಿನ, ಆ ಗಂಟೆಯಲ್ಲಿ ಹುಟ್ಟಿದ ನೂರಾರು ಫೈಲುಗಳ ಗುಂಪು ಕಂಡರೆ ಅದೇ ನಿಮ್ಮದು. ಒಂದರ ಮೇಲೆ ಬಲ ಗುಂಡಿ ಒತ್ತಿ ‘ಓಪನ್ ಫೈಲ್ ಲೊಕೇಶನ್’ ಆರಿಸಿದರೆ ನೇರ ಆ ಫೋಲ್ಡರಿಗೇ ಹೋಗುತ್ತೀರಿ. ಮ್ಯಾಕ್ ಇದ್ದವರು ಫೈಂಡರಿನಲ್ಲಿ ಕಮಾಂಡ್ ಮತ್ತು ಎಫ್ ಒಟ್ಟಿಗೆ ಒತ್ತಿ, ಬಗೆ ‘ಇಮೇಜ್’ ಎಂದೂ ಸೃಷ್ಟಿಯಾದ ದಿನ ಇಂತಿಂಥದ್ದು ಎಂದೂ ಕೊಡಿ.

ರಿಕವರಿ ಮಾಡುವಾಗ ಚುಚ್ಚಿದ್ದ ಪೆನ್‌ಡ್ರೈವ್, ಹೊರಗಿನ ಹಾರ್ಡ್‌ಡಿಸ್ಕ್ ಇದ್ದರೆ ಅವನ್ನೂ ಮತ್ತೆ ಚುಚ್ಚಿಯೇ ಹುಡುಕಬೇಕು. ಯಾವ ಡ್ರೈವಿನಲ್ಲಿ ಖಾಲಿ ಜಾಗ ಇದ್ದಕ್ಕಿದ್ದಂತೆ ಕಡಿಮೆಯಾಗಿದೆಯೋ ಅಲ್ಲಿ ಹೆಚ್ಚು ಗಮನ ಕೊಡಿ. ಇನ್ನೊಂದು ಸಂಗತಿ: ಡಿಸ್ಕಿನ ದೋಷ ಹುಡುಕಿ ಸರಿಪಡಿಸುವ ವಿಂಡೋಸಿನ ಚೆಕ್‌ಡಿಸ್ಕ್ ಓಡಿಸಿದ್ದರೆ, ಸಿಕ್ಕ ಚೂರುಗಳನ್ನು ಅದು ‘ಫೌಂಡ್ 000’ ಎಂಬ ಅಡಗಿದ ಫೋಲ್ಡರಿಗೆ ಹಾಕುತ್ತದೆ. ಅಡಗಿದ್ದನ್ನು ತೋರಿಸು ಎಂಬ ಆಯ್ಕೆ ಹಾಕದೆ ಅದು ಕಣ್ಣಿಗೆ ಬೀಳುವುದಿಲ್ಲ. ಒಳಗಿನ ಫೈಲುಗಳ ಹೆಸರಿನ ಕೊನೆಯಲ್ಲಿ ‘ಸಿಎಚ್‌ಕೆ’ ಇರುವುದರಿಂದ ಮೇಲಿನ ಜೆಪಿಜಿ ಹುಡುಕಾಟಕ್ಕೂ ಅವು ಸಿಗವು. ಒಂದನ್ನು ನಕಲು ಮಾಡಿ, ಕೊನೆಯನ್ನು ಜೆಪಿಜಿ ಎಂದು ಬದಲಿಸಿ ತೆರೆದು ನೋಡಿ.

ಸಿಕ್ಕಿದ ಮೇಲೆ ಗಾತ್ರದ ಪ್ರಕಾರ ಜೋಡಿಸಿದರೆ ಬೆರಳುಗುರಿನಷ್ಟು ಚಿಕ್ಕ ಚಿತ್ರಗಳೆಲ್ಲ ಒಂದು ಕಡೆ ಸರಿಯುತ್ತವೆ, ನಿಜವಾದ ಫೋಟೋಗಳು ಮೇಲೆ ಬರುತ್ತವೆ. ಪುಟ್ಟ ಮುನ್ನೋಟ ಚೆನ್ನಾಗಿ ಕಂಡಿತೆಂದು ಸಮಾಧಾನಪಡಬೇಡಿ. ಮುನ್ನೋಟ ಸರಿಯಿದ್ದೂ ಒಳಗಿನ ಚಿತ್ರ ಅರ್ಧ ಬೂದುಬಣ್ಣಕ್ಕೆ ತಿರುಗಿರುವುದುಂಟು. ಮುಖ್ಯವಾದವನ್ನೆಲ್ಲ ಪೂರ್ತಿ ತೆರೆದು ನೋಡಿ, ಬೇರೊಂದು ಡಿಸ್ಕಿಗೆ ನಕಲು ಮಾಡಿಟ್ಟುಕೊಳ್ಳಿ. ಫೋಟೋ ಕಳೆದುಹೋದದ್ದು ಮೆಮೊರಿ ಕಾರ್ಡಿನಿಂದಾದರೆ, ಅಲ್ಲಿಯವರೆಗೆ ಅದನ್ನು ಕ್ಯಾಮೆರಾಗೆ ಹಾಕಬೇಡಿ, ಫಾರ್ಮ್ಯಾಟ್ ಕೂಡ ಮಾಡಬೇಡಿ.