ಭೂಮಣ್ಣಿ ಬುಟ್ಟಿಯ ಪಕ್ಕ ಕೂತು ಕಲಿತ ಮಾನವಶಾಸ್ತ್ರ

ಬಿಎಯಲ್ಲಿ ನನ್ನ ಮುಖ್ಯ ವಿಷಯ ಮಾನವಶಾಸ್ತ್ರ. ಕೊನೆಯ ವರ್ಷದ ಕ್ಷೇತ್ರಕಾರ್ಯಕ್ಕೆ ಜೊತೆಯವರೆಲ್ಲ ದೂರದ ಊರು ಹುಡುಕುತ್ತಿದ್ದರು. ನಾನು ಮಲೆನಾಡಿನ ನಮ್ಮ ಸಾಗರ ತಾಲ್ಲೂಕಿನ ಕಡೆಯ, ದೀವರು ಅನ್ನುವ ಸಮುದಾಯದ ಹಳ್ಳಿಯೊಂದನ್ನೇ ಆರಿಸಿಕೊಂಡೆ. ಅಲ್ಲಿಯ ಮನೆಯವರು ತಮ್ಮತಮ್ಮಲ್ಲೇ ಆಡಿಕೊಳ್ಳುವ ಮಾತೂ ಅರ್ಥವಾಗಬೇಕು ಅನ್ನುವುದು ನನ್ನ ಆಸೆ.

ಹೋದದ್ದು ಭೂಮಿ ಹುಣ್ಣಿಮೆಯ ಹೊತ್ತಿಗೆ. ಮೈದುಂಬಿದ ಭತ್ತದ ಗದ್ದೆಯನ್ನು ಬಸುರಿ ಅಂತ ಕಂಡು ಬಯಕೆಯ ಊಟ ಬಡಿಸುವ ಹಬ್ಬ ಅದು. ಊಟ ಹೊರುವುದು ಭೂಮಣ್ಣಿ ಬುಟ್ಟಿಯಲ್ಲಿ. ಬುಟ್ಟಿಗೆ ಮೊದಲು ಸಗಣಿ ಬಳಿಯುತ್ತಾರೆ. ಒಣಗಿದ ಮೇಲೆ ಕೆಮ್ಮಣ್ಣು. ಅದರ ಮೇಲೆ ಅಕ್ಕಿ ಅರೆದ ಬಿಳಿಯಲ್ಲಿ ಪುಂಡಿನಾರಿನಿಂದ ಸಣ್ಣ ಸಣ್ಣ ಎಳೆ. "ಸುಮ್ನೆ ಯಾಕೆ ಕೂತಿದ್ದಿ ತಂಗಿ, ಅಕ್ಕಿ ಅರಿ" ಅಂದರು ಮನೆಯ ಅಕ್ಕ. ಅರೆದೆ. ಕೈ ಕೆಲಸದಲ್ಲಿದ್ದಾಗಲೇ ಮಾತು ಜಾಸ್ತಿ ಬರುತ್ತದೆ.

ಪ್ರಶ್ನೆ ಹೇಗೆ ಕೇಳುತ್ತೀರಿ ಅನ್ನುವುದು ಮುಖ್ಯ. "ಯಾಕೆ ಹೀಗೆ ಬರೀತೀರಿ?" ಅಂದರೆ "ಹಿಂದಿನೋರು ಮಾಡ್ಕೊಂಡು ಬಂದದ್ದು" ಅಂತ ಮಾತು ಮುಗಿಯುತ್ತದೆ. "ಯಾರ ಹತ್ರ ಕಲಿತ್ರಿ ಅಕ್ಕಾ?" ಅಂದರೆ ತವರು, ಅಮ್ಮ, ಅತ್ತೆ, ನಾದಿನಿ ಎಲ್ಲ ಬರುತ್ತಾರೆ. ಅದನ್ನೇ ನಾನು ವಂಶವೃಕ್ಷದಲ್ಲಿ ಹಾಕಿದೆ: ಗಂಡಸಿಗೆ ತ್ರಿಕೋನ, ಹೆಂಗಸಿಗೆ ವೃತ್ತ, ಮದುವೆಗೆ ಜೋಡಿ ಗೆರೆ. ನೀಲಗಿರಿಯ ತೋಡ ಬುಡಕಟ್ಟಿನವರ ನಡುವೆ ಇಂಗ್ಲಿಷ್ ಮಾನವಶಾಸ್ತ್ರಜ್ಞ ಡಬ್ಲ್ಯೂ. ಎಚ್. ಆರ್. ರಿವರ್ಸ್ ಬಳಸಿದ್ದೂ ಇಂಥ ವಂಶಾವಳಿಗಳನ್ನೇ. ತೋಡರ ಬಗ್ಗೆ ಅವರು ಬರೆದ ಪುಸ್ತಕ ಬಂದದ್ದು 1906ರಲ್ಲಿ. ಯಾರಿಂದ ಯಾರು ಕಲಿತರು ಅಂತ ಬಾಣ ಎಳೆಯುತ್ತಾ ಹೋದ ಹಾಗೆ ಈ ಕುಟುಂಬದ ಎಳೆಗಳು ಹೆಣ್ಣುಮಕ್ಕಳ ಜೊತೆ ಊರಿಂದ ಊರಿಗೆ ನಡೆದದ್ದು ಕಾಣಿಸಿತು. ಕ್ಲಾಸಿನಲ್ಲಿ ಒಣ ಅನ್ನಿಸಿದ್ದ ಬಂಧುತ್ವದ ಪಾಠ ನನಗೆ ರುಚಿಸಿದ್ದು ಅಲ್ಲೇ.

ಹಬ್ಬದ ದಿನ ಸೂರ್ಯ ಹುಟ್ಟುವ ಮೊದಲೇ, ನಾನಾ ಸೊಪ್ಪು ಹಾಕಿ ಬೇಯಿಸಿದ ಹಚ್ಚಂಬಲಿಯನ್ನು ಗದ್ದೆ ತುಂಬ ಚೆಲ್ಲುತ್ತಾರೆ. ಆಗ ಟಿಪ್ಪಣಿ ಪುಸ್ತಕ ತೆಗೆಯಬೇಡಿ. ಕಣ್ಣು, ಕಿವಿ ಸಾಕು. ಆದರೆ ಅದೇ ದಿನ ಪೂರ್ತಿ ಬರೆದಿಡಿ, ಪ್ರತಿಯನ್ನೂ ಬೇರೆ ಕಡೆ ಇಡಿ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು ಮೈಸೂರು ಸೀಮೆಯ ಹಳ್ಳಿಯಲ್ಲಿ ಮಾಡಿದ ಕೆಲಸದ ಟಿಪ್ಪಣಿಗಳು 1970ರಲ್ಲಿ ಅಮೆರಿಕದಲ್ಲಿ ಬೆಂಕಿಗೆ ಸಿಕ್ಕವು. ಅವರು ನೆನಪಿನಿಂದಲೇ ಪುಸ್ತಕ ಬರೆದರು. ಅಂಥ ನೆನಪು ಎಲ್ಲರಿಗೂ ಇರುತ್ತದಾ?

ನನ್ನ ವರದಿ ಇಂಗ್ಲಿಷಿನಲ್ಲಿತ್ತು. ಕಾಲೇಜಿಗೆ ಕೊಡುವ ಮೊದಲು ಜಗಲಿಯಲ್ಲಿ ಕೂತು ಅಕ್ಕನಿಗೆ ಕನ್ನಡದಲ್ಲಿ ಹೇಳಿದೆ. ವಂಶವೃಕ್ಷದ ಹಾಳೆಯನ್ನು ಅವರು ತಮ್ಮ ಕಡೆ ತಿರುಗಿಸಿಕೊಂಡು, ತೀರಿಹೋದ ಚಿಕ್ಕಮ್ಮನನ್ನೂ ಸೇರಿಸು ಅಂದರು. ಬುಟ್ಟಿ ಬರೆಯುವುದರಲ್ಲಿ ಆಕೆಯದೇ ಒಳ್ಳೆಯ ಕೈಯಂತೆ. ಸೇರಿಸಿದೆ.