ಕಂಬಳಿ ಉಣ್ಣೆಯಲ್ಲೇ ಟೋಪಿ ಹಾಕಿದೆ

ಎರಡು ವರ್ಷದ ಹಿಂದೆ ಒಂದು ಉಣ್ಣೆ ಮೇಳದಲ್ಲಿ ನಾನು ಡೆಕ್ಕನಿ ಕುರಿಯ ಒರಟು ಉಣ್ಣೆಯಿಂದ ತೆಗೆದ ನೂಲು ತೋರಿಸಿದ್ದೆ. ಮಳಿಗೆಯವರು ಕುತ್ತಿಗೆಗೆ ಒಮ್ಮೆ ಉಜ್ಜಿಕೊಂಡು ವಾಪಸ್ ಕೊಟ್ಟರು. "ಇದು ಕಂಬಳಿಗೇ ಸರಿ ಮೇಡಂ." ಈ ಸಲ ಅದರದ್ದೇ ಟೋಪಿ ಹಾಕಿಕೊಂಡು ಹೋದೆ. "ಏನು ಮಿಕ್ಸ್ ಮಾಡಿದ್ದೀರಿ?" ಅಂತ ಕೇಳಿದರು. ಏನೂ ಇಲ್ಲ, ಬರೀ ಕುರಿ ಅಂದೆ. ನಂಬಲಿಲ್ಲ.

ಶುರುವಿನಲ್ಲಿ ದುಡ್ಡು ಹಾಳು ಮಾಡಿದ್ದೇ ಜಾಸ್ತಿ. ಚಳ್ಳಕೆರೆ ಕಡೆ ಉಣ್ಣೆ ಕತ್ತರಿಸುವ ಹೊತ್ತಿಗೆ ಹೋಗಿ 10 ಕೆಜಿ ತಂದೆ. ಕೆಜಿಗೆ 30 ರೂಪಾಯಿ ಇರಬೇಕು, ಬಸ್ ಚಾರ್ಜೇ ಅದಕ್ಕಿಂತ ಹೆಚ್ಚಾಯಿತು. ಉಣ್ಣೆ ಕೊಟ್ಟ ಕುರಿ ಅಜ್ಜ ನಕ್ಕರು. "ಸ್ವೆಟರ್ ಆಗ್ತದೇನವ್ವಾ ಇದ್ರಾಗೆ?" ಸೋಮಾರಿತನಕ್ಕೆ 2 ಕೆಜಿ ವಾಷಿಂಗ್ ಮಷಿನ್‌ಗೆ ಹಾಕಿದೆ. ಹೊರಗೆ ಬಂದಿದ್ದು ಕಾಲೊರೆಸು. ಈಗಲೂ ಬಾಗಿಲಲ್ಲಿದೆ, ಗಟ್ಟಿಮುಟ್ಟಾಗಿದೆ. ಉಳಿದದ್ದನ್ನು ಕೈಯಲ್ಲಿ ತಿಕ್ಕಿ ತೊಳೆದೆ, ಅದೂ ಅರ್ಧ ಗಂಟು. ಜಾಲಿ ಮುಳ್ಳು ಸಿಕ್ಕಿ 2,500 ಕೊಟ್ಟು ತಂದ ಕಾರ್ಡರ್‌ನ (ಉಣ್ಣೆ ಬಾಚುವ ಸಾಧನ) ಹಲ್ಲು ಬಾಗಿದವು.

ತಪ್ಪು ತೊಳೆಯೋದರಲ್ಲಿ ಮಾತ್ರ ಇರಲಿಲ್ಲ, ಕೊಳ್ಳೋದರಲ್ಲೇ ಇತ್ತು. ಈಗ ಮರಿಗಳ ಮೊದಲ ಕತ್ತರಿಯ ಉಣ್ಣೆ ಮಾತ್ರ ತರುತ್ತೇನೆ, ಅದರಲ್ಲೂ ಕುತ್ತಿಗೆ, ಭುಜದ್ದು. ಹೊಟ್ಟೆ, ಬಾಲದ ಕಡೆಯದು ಅಲ್ಲೇ ಬಿಟ್ಟು ಬರುತ್ತೇನೆ. ಮನೆಗೆ ಬಂದು ಒಂದೊಂದೇ ಗೊಂಚಲು ಕಿಟಕಿ ಬೆಳಕಿಗೆ ಹಿಡಿಯುತ್ತೇನೆ. ಉಣ್ಣೆ ಸುರುಳಿ ಸುರುಳಿಯಾಗಿರುತ್ತೆ, ಕೂದಲು ಮಾತ್ರ ನೆಟ್ಟಗೆ ಹೊಳೆಯುತ್ತೆ. ಚುಚ್ಚೋದು ಆ ಕೂದಲೇ. ತುದಿ ಹಿಡಿದು ಎಳೆದರೆ ಬಂದುಬಿಡುತ್ತೆ. ಒಂದು ಟೋಪಿಗಾಗುವಷ್ಟು ಆರಿಸಲು ಮೂರು ಸಂಜೆ ಬೇಕು. ಬೇಜಾರಿನ ಕೆಲಸ, ಆದರೆ ಗುಟ್ಟೆಲ್ಲ ಇಲ್ಲೇ ಇರೋದು.

ತೊಳೆಯೋಕೆ ಈರುಳ್ಳಿ ಚೀಲ. ಕೈ ತಾಳುವಷ್ಟು ಬಿಸಿ ನೀರು, ಅಂಟುವಾಳ ಕಾಯಿಯ ರಸ. ಚೀಲ ಮುಳುಗಿಸಿ ಇಪ್ಪತ್ತು ನಿಮಿಷ ಮುಟ್ಟಲ್ಲ. ಮುಂದಿನ ನೀರೂ ಅಷ್ಟೇ ಬಿಸಿ ಇರಬೇಕು. ಹೀಗೆ ನಾಲ್ಕು ಸಲ. ಕೆಜಿ ಹಾಕಿದರೆ 700 ಗ್ರಾಂ ಉಳಿದೀತು, ಮಿಕ್ಕಿದ್ದು ಮಣ್ಣು. ಕೊನೆಯ ನೀರಿಗೆ ಅಡುಗೆಮನೆಯ ಒಂದು ಸಾಮಾನು ಒಂದು ಚಮಚ ಹಾಕುತ್ತೇನೆ. ಅದು ಏನಂತ ಸದ್ಯಕ್ಕೆ ಕೇಳಬೇಡಿ!

ನೂಲೋದು ನಿಮಗೆ ಹೇಳಬೇಕಾಗಿಲ್ಲ. ಹುರಿ (ನೂಲಿನ ತಿರುಚು) ಕಮ್ಮಿ ಇರಲಿ, ಎರಡೆಳೆ ಮಾಡಿ. ಹುರಿ ಜಾಸ್ತಿಯಾದರೆ ಹಗ್ಗ.

ನಡುವೆ ಇನ್ನೊಂದು ಹುಚ್ಚು. ಕಂಬಳಿ ನೇಯುವವರು ಹಾಸಿನ (ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ) ನೂಲಿಗೆ ಹುಣಸೆ ಬೀಜದ ಗಂಜಿ ಹಾಕುತ್ತಾರಲ್ವಾ, ನಾನೂ ಹಾಕಿ ನೋಡಿದೆ. ಒಂದೆಳೆ ನೂಲು ತಂತಿಯ ಹಾಗೆ ನೆಟ್ಟಗೆ ನಿಂತಿತು. ಮಗ್ಗಕ್ಕೆ ಅದು ಸರಿ, ಹೆಣಿಗೆ ಕಡ್ಡಿಗೆ ಏರಲೇ ಇಲ್ಲ.

ಈಗ ಲೆಕ್ಕ. ಟೋಪಿಗೆ 90 ಗ್ರಾಂ ಹಿಡಿಯುತ್ತೆ, ಉಣ್ಣೆ ಖರ್ಚು ಹತ್ತು ಹದಿನೈದು ರೂಪಾಯಿ ಆಗಿತ್ತು. ಮೇಳದಲ್ಲೇ ನಾಲ್ಕು ಟೋಪಿ 900ರ ಹಾಗೆ ಹೋದವು. ನನ್ನ ಕೂಲಿ ಹಿಡಿದರೆ ನಷ್ಟವೇ. ಹಿಡಿಯಲ್ಲ.

ಐದನೆಯದು ಕುರಿ ಅಜ್ಜನಿಗೆ ಕೊಟ್ಟೆ. ತಲೆಗೆ ಹಾಕಿಕೊಂಡು ಕಿವಿ ಮೇಲೆ ಎಳೆದುಕೊಂಡರು, "ಚುಚ್ಚಂಗಿಲ್ಲ ಬಿಡವ್ವಾ" ಅಂದರು. ಆಮೇಲೆ ಮರಿ ಉಣ್ಣೆಗೆ ಕೆಜಿಗೆ 150 ಕೇಳಿದರು. ಕೊಟ್ಟು ಬಂದೆ.